ಗುಡ್ಡದ ಒಡಲು, ರಾಡಾರಿನ ಕಣ್ಣು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಮಣ್ಣು ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಊರಿನಲ್ಲಿ ಹೊಸ ಬಾವಿ ತೋಡುವಾಗ ದಡದ ಮೇಲೆ ಏಳುವ ಮಣ್ಣಿನ ರಾಶಿಯನ್ನು ಎಲ್ಲರೂ ನೋಡಿರುತ್ತಾರೆ. ಮೊದಲ ದಿನ ತೆಗೆದ ಕಪ್ಪು ಮಣ್ಣು ರಾಶಿಯ ಅಡಿಯಲ್ಲಿರುತ್ತದೆ. ಅದರ ಮೇಲೆ ಕೆಂಪು ಮಣ್ಣು, ಅನಂತರ ಜಂಬಿಟ್ಟಿಗೆಯ ಚೂರುಗಳು, ಆಮೇಲೆ ಬಿಳಿ, ಹಳದಿ, ನೇರಳೆ ಛಾಯೆಗಳ ನುಣುಪಾದ ಶೇಡಿಮಣ್ಣು, ತುದಿಯಲ್ಲಿ ಕೊಳೆತ ಬಂಡೆಯ ಪುಡಿ. ನೆಲದ ಒಳಗಿನ ಕ್ರಮ ದಡದ ಮೇಲೆ ತಲೆಕೆಳಗಾಗಿ ನಿಂತಿರುತ್ತದೆ. ಬಾವಿ ತೋಡುವವರು ಈ ಕ್ರಮವನ್ನು ಅಂಗೈಯ ರೇಖೆಯಂತೆ ಬಲ್ಲರು. ಯಾವ ಮಣ್ಣು ಬಂದರೆ ಧರೆ ನಿಲ್ಲುತ್ತದೆ, ಯಾವುದು ಬಂದರೆ ಕುಸಿಯುತ್ತದೆ, ಎಲ್ಲಿ ಒರತೆ ಒಡೆಯುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ.

ಆದರೆ ಇಡೀ ಗುಡ್ಡದ ಉದ್ದಗಲಕ್ಕೆ ಬಾವಿ ತೋಡಿ ನೋಡಲಾಗುವುದಿಲ್ಲ. ಒಂದು ಬಾವಿ ಆ ಒಂದು ಜಾಗದ ಕಥೆಯನ್ನು ಮಾತ್ರ ಹೇಳುತ್ತದೆ. ಅದರಿಂದ ಐವತ್ತು ಮಾರು ಆಚೆ ಶೇಡಿಯ ಪದರ ಮೇಲಕ್ಕೆ ಬಂದಿರಬಹುದು, ಇಲ್ಲವೇ ಬಂಡೆ ತಲೆಯೆತ್ತಿರಬಹುದು. ಅಗೆಯದೆಯೇ ನೆಲದೊಳಗಿನ ಪದರಗಳನ್ನು ನೋಡುವ ದಾರಿ ಇದೆಯೇ ಎಂಬ ಪ್ರಶ್ನೆಗೆ ವಿಜ್ಞಾನ ನೀಡಿರುವ ಉತ್ತರಗಳಲ್ಲಿ ಒಂದು ಗ್ರೌಂಡ್ ಪೆನಿಟ್ರೇಟಿಂಗ್ ರಾಡಾರ್, ಚಿಕ್ಕದಾಗಿ ಜಿಪಿಆರ್. ಕನ್ನಡದಲ್ಲಿ ಇದನ್ನು ಭೂಭೇದಿ ರಾಡಾರ್ ಎನ್ನಬಹುದು. ಈ ಯಂತ್ರ ಏನು ಮಾಡಬಲ್ಲದು, ಅದಕ್ಕಿಂತ ಮುಖ್ಯವಾಗಿ ಏನು ಮಾಡಲಾರದು ಎಂಬುದನ್ನು ಗುಡ್ಡದ ಮೇಲೆ ಬದುಕುವವರು ಅರಿತಿರಬೇಕು. ಅದೇ ಇಂದಿನ ಮಾತಿನ ಉದ್ದೇಶ.

ಪ್ರತಿಧ್ವನಿಯ ಲೆಕ್ಕ

ಕಣಿವೆಯ ಅಂಚಿನಲ್ಲಿ ನಿಂತು ಕೂಗಿದರೆ ಎದುರಿನ ಗುಡ್ಡದಿಂದ ದನಿ ಮರಳುತ್ತದೆ. ಕೂಗಿಗೂ ಮರುದನಿಗೂ ನಡುವಿನ ಹೊತ್ತನ್ನು ಅಳೆದರೆ ಎದುರು ಗುಡ್ಡ ಎಷ್ಟು ದೂರವಿದೆ ಎಂದು ಹೇಳಬಹುದು. ಭೂಭೇದಿ ರಾಡಾರಿನ ತತ್ತ್ವವೂ ಇದೇ. ಇಲ್ಲಿ ಧ್ವನಿಯ ಬದಲು ರೇಡಿಯೋ ಅಲೆ. ನೆಲದ ಮೇಲೆ ಎಳೆದುಕೊಂಡು ಹೋಗುವ ಪೆಟ್ಟಿಗೆಯೊಂದರಲ್ಲಿ ಆಂಟೆನಾ ಇರುತ್ತದೆ. ಅದು ಕ್ಷಣಮಾತ್ರದ ಅಲೆಯ ಮಿಡಿತಗಳನ್ನು ನೆಲದೊಳಕ್ಕೆ ಕಳುಹಿಸುತ್ತದೆ. ಒಂದು ಪದರ ಮುಗಿದು ಬೇರೆ ಗುಣದ ಮತ್ತೊಂದು ಪದರ ಆರಂಭವಾಗುವ ಗಡಿಯಲ್ಲಿ ಅಲೆಯ ಒಂದಂಶ ಹಿಂದಿರುಗುತ್ತದೆ, ಉಳಿದದ್ದು ಇನ್ನೂ ಕೆಳಕ್ಕೆ ಸಾಗುತ್ತದೆ. ಹಿಂದಿರುಗಿದ ಅಲೆಗಳನ್ನು ಸಾಲಾಗಿ ಜೋಡಿಸಿದರೆ ಗಣಕದ ಪರದೆಯ ಮೇಲೆ ನೆಲದ ಸೀಳುನೋಟವೊಂದು ಮೂಡುತ್ತದೆ. ಪದರಗಳು ಉದ್ದನೆಯ ಗೆರೆಗಳಾಗಿ ಕಾಣುತ್ತವೆ. ಹುದುಗಿದ ಗುಂಡುಕಲ್ಲು, ದಪ್ಪ ಬೇರು ಅಥವಾ ಕೊಳವೆ ಬೋರಲು ಹಾಕಿದ ಬೋಗುಣಿಯ ಅಂಚಿನಂತೆ ಬಾಗಿದ ಗೆರೆಯಾಗಿ ಕಾಣುತ್ತದೆ.

ಗಡಿಯಲ್ಲಿ ಅಲೆ ಮರಳುವುದಕ್ಕೆ ಕಾರಣ ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂಬ ಗುಣದಲ್ಲಿನ ವ್ಯತ್ಯಾಸ. ಗಾಳಿಗೆ ಈ ಅಂಕ 1. ಒಣ ಮರಳಿಗೆ ಸುಮಾರು 4, ನೀರಿಗೆ ಸುಮಾರು 80. ಮಣ್ಣಿನ ಕಣಗಳಿಗೂ ನೀರಿಗೂ ಇಷ್ಟು ದೊಡ್ಡ ಅಂತರ ಇರುವುದರಿಂದ ರಾಡಾರಿಗೆ ಎಲ್ಲಕ್ಕಿಂತ ಮೊದಲು ಕಾಣುವುದು ನೀರಿನ ಅಂಶದ ಏರುಪೇರು. ಕೆನಡಾದ ಜಿ. ಸಿ. ಟಾಪ್ ಮತ್ತು ಸಂಗಡಿಗರು 1980ರಲ್ಲಿ ಈ ಸ್ಥಿರಾಂಕಕ್ಕೂ ಮಣ್ಣಿನಲ್ಲಿರುವ ನೀರಿನ ಪ್ರಮಾಣಕ್ಕೂ ಇರುವ ಸಂಬಂಧವನ್ನು ಒಂದು ಸಮೀಕರಣದಲ್ಲಿ ಕೊಟ್ಟರು. ಮಣ್ಣಿನ ತೇವ ಅಳೆಯುವವರು ಇಂದಿಗೂ ಅದನ್ನು ಬಳಸುತ್ತಾರೆ.

ಈ ಅಂಕ ಅಲೆಯ ವೇಗವನ್ನೂ ನಿರ್ಧರಿಸುತ್ತದೆ. ಗಾಳಿಯಲ್ಲಿ ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನ ಹೊತ್ತಿಗೆ, 30 ಸೆಂಟಿಮೀಟರ್ ಸಾಗುತ್ತದೆ. ಒಣ ಮರಳಿನಲ್ಲಿ ಸುಮಾರು 15 ಸೆಂಟಿಮೀಟರ್. ನೀರು ತುಂಬಿದ ಮಣ್ಣಿನಲ್ಲಿ 6 ಸೆಂಟಿಮೀಟರಿನ ಆಸುಪಾಸು.

ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬೇಕು. ಅಲೆ ಹೋಗಿ ಬರಲು 40 ನ್ಯಾನೋಸೆಕೆಂಡ್ ತೆಗೆದುಕೊಂಡಿತು ಎಂದಿಟ್ಟುಕೊಳ್ಳಿ. ಹೋಗಲು ಅದರಲ್ಲಿ ಅರ್ಧ, ಅಂದರೆ 20 ನ್ಯಾನೋಸೆಕೆಂಡ್. ನೆಲ ಒಣ ಮರಳಾಗಿದ್ದರೆ ಆ ಪದರ 3 ಮೀಟರ್ ಆಳದಲ್ಲಿದೆ. ನೆಲ ನೀರು ಕುಡಿದು ಕುಳಿತಿದ್ದರೆ ಅದೇ ಪದರ ಕೇವಲ 1.2 ಮೀಟರ್ ಆಳದಲ್ಲಿದೆ. ಯಂತ್ರ ಅಳೆಯುವುದು ಸಮಯವನ್ನು, ಆಳವನ್ನಲ್ಲ. ವೇಗವನ್ನು ತಪ್ಪಾಗಿ ಊಹಿಸಿದವರು ಆಳವನ್ನೂ ತಪ್ಪಾಗಿ ಹೇಳುತ್ತಾರೆ. ತಡೆಗೋಡೆಯ ಬುಡ ಎಲ್ಲಿ ನಿಲ್ಲಬೇಕು, ಧರೆಯನ್ನು ಎಷ್ಟು ಕಡಿಯಬಹುದು ಎಂದು ತೀರ್ಮಾನಿಸುವಾಗ ಈ ತಪ್ಪು ಕಾಗದದ ಮೇಲೆ ಉಳಿಯದೆ ಮನೆಯ ಹಿತ್ತಲಿಗೆ ಬರುತ್ತದೆ. ಆದುದರಿಂದಲೇ ರಾಡಾರ್ ಸಾಗಿದ ದಾರಿಯಲ್ಲಿ ಅಲ್ಲಲ್ಲಿ ಗುಂಡಿ ತೆಗೆದೋ ಮಣ್ಣಿನ ಬೈರಿಗೆ ಇಳಿಸಿಯೋ ನಿಜವಾದ ಆಳವನ್ನು ತಾಳೆ ನೋಡುವುದು ಕಡ್ಡಾಯ.

ಹಿಮದಿಂದ ಮಣ್ಣಿಗೆ

ಈ ತಂತ್ರದ ಕಲ್ಪನೆ ಶತಮಾನಕ್ಕೂ ಹಳೆಯದು. ಜರ್ಮನಿಯಲ್ಲಿ ಲೈಂಬಾಖ್ ಮತ್ತು ಲೋವಿ ಎಂಬ ಇಬ್ಬರು 1910ರಲ್ಲೇ ರೇಡಿಯೋ ಅಲೆಗಳಿಂದ ನೆಲದೊಳಗಿನ ವಸ್ತುಗಳನ್ನು ಪತ್ತೆಹಚ್ಚುವ ವಿಧಾನಕ್ಕೆ ಪೇಟೆಂಟ್ ಕೋರಿದ್ದರು. 1929ರಲ್ಲಿ ಡಬ್ಲ್ಯು. ಸ್ಟರ್ನ್ ಎಂಬವರು ಆಸ್ಟ್ರಿಯಾದ ಹಿಮನದಿಯೊಂದರ ಆಳವನ್ನು ರೇಡಿಯೋ ಅಲೆಯಿಂದ ಅಳೆದರು. ಹಿಮಗಡ್ಡೆಯಲ್ಲಿ ಅಲೆ ಸುಲಭವಾಗಿ ಸಾಗುತ್ತದೆಯಾದ್ದರಿಂದ ಮೊದಲ ಯಶಸ್ಸು ಅಲ್ಲಿಯೇ ದೊರೆಯಿತು.

ಮಣ್ಣಿನ ಪದರಗಳನ್ನು ಕ್ರಮಬದ್ಧವಾಗಿ ಓದಲು ಇದನ್ನು ಬಳಸಿದ ಮುಖ್ಯ ಪ್ರಯತ್ನ ಅಮೆರಿಕದ ಫ್ಲಾರಿಡಾ ರಾಜ್ಯದ್ದು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಕೃಷಿ ಇಲಾಖೆಯ ಮಣ್ಣು ಸಂರಕ್ಷಣಾ ವಿಭಾಗ ಮಣ್ಣಿನ ಸಮೀಕ್ಷೆಗೆ ರಾಡಾರನ್ನು ಹೂಡಿತು. ಫ್ಲಾರಿಡಾದ ಬಹುಭಾಗ ಮರಳು ನೆಲ. ಆ ಮರಳಿನ ಕೆಳಗೆ ಎಷ್ಟು ಆಳದಲ್ಲಿ ಜೇಡಿಯ ಪದರ ಇದೆ ಎಂಬುದರ ಮೇಲೆ ಆ ಮಣ್ಣು ಯಾವ ವರ್ಗಕ್ಕೆ ಸೇರುತ್ತದೆ, ನೀರು ಎಷ್ಟು ಬೇಗ ಇಂಗುತ್ತದೆ, ಯಾವ ಬೆಳೆ ಒಗ್ಗುತ್ತದೆ ಎಂಬುದು ನಿಂತಿದೆ. ಮೊದಲು ಸಮೀಕ್ಷಕರು ಒಂದೊಂದೇ ಜಾಗದಲ್ಲಿ ಬೈರಿಗೆ ತಿರುಗಿಸಿ ನೋಡಬೇಕಿತ್ತು. ಎರಡು ರಂಧ್ರಗಳ ನಡುವಿನ ನೆಲವನ್ನು ಊಹಿಸಬೇಕಿತ್ತು. ರಾಡಾರ್ ಬಂದ ಮೇಲೆ ಆ ನಡುವಿನ ನೆಲವೂ ಗೆರೆಯಾಗಿ ಕಂಡಿತು. ಒಂದೇ ಬಗೆಯ ಮಣ್ಣೆಂದು ನಕಾಶೆಯಲ್ಲಿ ಬಣ್ಣ ಬಳಿಯುವ ಹೊಲದ ಕೆಳಗೂ ಜೇಡಿಯ ಪದರ ಏರುತ್ತದೆ, ಇಳಿಯುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಆದರೆ ಅದೇ ಇಲಾಖೆಯವರು ಯಂತ್ರವನ್ನು ಬೇರೆ ರಾಜ್ಯಗಳ ಜೇಡಿ ನೆಲಕ್ಕೆ ಒಯ್ದಾಗ ಪರದೆ ಬಹುಬೇಗ ಬರಿದಾಯಿತು. ಜೇಡಿ ಮತ್ತು ಲವಣಗಳಿರುವ ಒದ್ದೆ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ಅಂಥ ಮಣ್ಣು ಅಲೆಯ ಶಕ್ತಿಯನ್ನು ನುಂಗಿಬಿಡುತ್ತದೆ. ದಶಕಗಳ ಅನುಭವವನ್ನು ಒಟ್ಟುಗೂಡಿಸಿ ಅವರು ಈ ಶತಮಾನದ ಮೊದಲ ದಶಕದಲ್ಲಿ, ಯಾವ ಪ್ರದೇಶದ ಮಣ್ಣಿಗೆ ರಾಡಾರ್ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂದು ತೋರಿಸುವ ನಕಾಶೆಯನ್ನೇ ಸಿದ್ಧಪಡಿಸಿದರು. ಒಂದು ಉಪಕರಣದ ಸೋಲನ್ನೂ ಹೀಗೆ ನಕಾಶೆಯಲ್ಲಿ ಬರೆದಿಡುವುದು ಪ್ರಾಮಾಣಿಕ ವಿಜ್ಞಾನದ ಲಕ್ಷಣ.

ನೀರಿನ ಪ್ರಭಾವ ಎಷ್ಟೆಂಬುದಕ್ಕೆ ಚಂದ್ರನ ಮಣ್ಣೇ ಸಾಕ್ಷಿ. 2019ರಲ್ಲಿ ಚಂದ್ರನ ಮರೆಯ ಮಗ್ಗುಲಲ್ಲಿ ಇಳಿದ ಚೀನಾದ ಯುಟು-2 ವಾಹನದಲ್ಲಿ ಇಂಥದೇ ರಾಡಾರ್ ಇತ್ತು. ಹನಿ ನೀರಿಲ್ಲದ ಆ ಧೂಳಿನಲ್ಲಿ ಅಲೆ ಸುಮಾರು 40 ಮೀಟರ್ ಆಳದವರೆಗೆ ಇಳಿದು ಪದರಗಳನ್ನು ತೋರಿಸಿತು. ಭೂಮಿಯ ಮೇಲೆ, ಬಯಲುಸೀಮೆಯ ಎರೆಮಣ್ಣಿನಂಥ ಹಿಗ್ಗುವ ಜೇಡಿಯಲ್ಲಿ, ಅದು ಅರ್ಧ ಮೀಟರ್ ಇಳಿಯುವುದೂ ಕಷ್ಟ. ಚಂದ್ರನ ಒಡಲು ಕಂಡಷ್ಟು ಸಲೀಸಾಗಿ ಹೊಲದ ಒಡಲು ಕಾಣುವುದಿಲ್ಲ.

ಮಲೆನಾಡಿನ ಮಣ್ಣಿನಲ್ಲಿ

ಇನ್ನು ಸಹ್ಯಾದ್ರಿಯ ಮಣ್ಣಿಗೆ ಬರೋಣ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಈಗಿನ ಕೇರಳದ ಅಂಗಾಡಿಪ್ಪುರಂನಲ್ಲಿ ಕಂಡ ಕೆಂಪು ಕಲ್ಲಿಗೆ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಕ್ಕೆ ಇಟ್ಟಿಗೆ ಎಂದರ್ಥ. ಕನ್ನಡದ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆಯೇ ಇದೆ. ಲಕ್ಷಾಂತರ ವರ್ಷಗಳ ಮಳೆ ಬಂಡೆಯಿಂದ ಕರಗುವುದನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಅಂಶವನ್ನು ಉಳಿಸಿದ್ದರಿಂದ ಈ ಕಲ್ಲು ಹುಟ್ಟಿತು. ಅದರ ಕೆಳಗಿರುವುದು ಶೇಡಿಮಣ್ಣು. ಹಬ್ಬಕ್ಕೆ ಗೋಡೆಗೆ ಬಳಿಯುವ, ರಂಗೋಲಿ ಎಳೆಯುವ ಇದೇ ಶೇಡಿ ಒಣಗಿದಾಗ ಗಟ್ಟಿಯಾಗಿ ನಿಲ್ಲುತ್ತದೆ. ನೀರು ತುಂಬಿದಾಗ ಬಲ ಕಳೆದುಕೊಂಡು ಹರಿಯಲು ಹವಣಿಸುತ್ತದೆ.

ಮೇಲಿನ ರಂಧ್ರಮಯ ಜಂಬಿಟ್ಟಿಗೆ ನೀರನ್ನು ಬೇಗ ಒಳಕ್ಕೆ ಬಿಡುತ್ತದೆ, ಕೆಳಗಿನ ಶೇಡಿ ಅದನ್ನು ಅಷ್ಟು ಬೇಗ ದಾಟಿಸುವುದಿಲ್ಲ. ಹೀಗಾಗಿ ಎರಡರ ಗಡಿಯಲ್ಲಿ ನೀರು ಕೂಡುತ್ತದೆ. ಕಣಗಳ ನಡುವಿನ ನೀರಿನ ಒತ್ತಡ ಏರಿದಂತೆ ಕಣಕ್ಕೆ ಕಣ ಕೊಡುವ ಹಿಡಿತ ಸಡಿಲುತ್ತದೆ. ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ಲಂಬವಾಗಿ ಕಡಿದಿದ್ದರೆ ಮೇಲಿನ ಭಾರಕ್ಕೆ ಆಧಾರವೂ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಇಂಥ ಕಡಿತಗಳ ಪಾತ್ರ ವ್ಯಾಪಕವಾಗಿ ಚರ್ಚೆಗೆ ಬಂದಿತು.

ಆದುದರಿಂದ ಮಲೆನಾಡಿಗರಿಗೆ ಮುಖ್ಯವಾದ ಪ್ರಶ್ನೆಗಳು ಇವು: ಸಡಿಲ ಮಣ್ಣು ಎಷ್ಟು ದಪ್ಪವಿದೆ? ಶೇಡಿಯ ಪದರ ಎಲ್ಲಿ ಆರಂಭ? ಅದು ಕಣಿವೆಯ ಕಡೆಗೆ ವಾಲಿದೆಯೇ? ಒಳಗೆ ಟೊಳ್ಳು ಇದೆಯೇ? ರಾಡಾರ್ ಇವಕ್ಕೆ ಸ್ವಲ್ಪ ಉತ್ತರ ಕೊಡಬಲ್ಲದು. ಕೆಂಪು ಮಣ್ಣಿನ ಜೇಡಿ ಬಹುಪಾಲು ಕೆಯೋಲಿನೈಟ್ ಜಾತಿಯದು. ಎರೆಮಣ್ಣಿನ ಜೇಡಿಯಷ್ಟು ಅದು ಅಲೆಯನ್ನು ನುಂಗುವುದಿಲ್ಲ. ಬೇಸಗೆಯಲ್ಲಿ ನೆಲ ಒಣಗಿರುವಾಗ ಮೇಲಿನ ಒಂದೆರಡು ಮೀಟರಿನ ಪದರಗಳು, ಗುಂಡುಕಲ್ಲುಗಳು, ಮಣ್ಣಿನೊಳಗಿನ ಟೊಳ್ಳುಗಳು ಕಾಣುವ ಸಾಧ್ಯತೆ ಇದೆ. ಕೇರಳದ ಬೆಟ್ಟಗಳಲ್ಲಿ ನೆಲದಡಿಯ ನೀರು ಮಣ್ಣನ್ನು ಕೊರೆದು ಸುರಂಗದಂಥ ಕೊಳವೆಗಳನ್ನು ಮಾಡುವುದನ್ನು ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ ಅಭ್ಯಸಿಸಿದೆ. ಅಂಥ ಟೊಳ್ಳಿನೊಳಗೆ ಗಾಳಿ ಇದ್ದರೆ ಸುತ್ತಲಿನ ಮಣ್ಣಿಗೂ ಅದಕ್ಕೂ ದೊಡ್ಡ ಅಂತರವಿರುವುದರಿಂದ ಮರುದನಿ ಬಲವಾಗಿ ಬರುತ್ತದೆ.

ಮರದ ಬೇರನ್ನೂ ಹೀಗೆ ನೋಡಬಹುದು. 1999ರಲ್ಲಿ ಝೆಕ್ ವಿಜ್ಞಾನಿಗಳು ಓಕ್ ಮರಗಳ ದಪ್ಪ ಬೇರುಗಳ ಹರವನ್ನು ನೆಲ ಅಗೆಯದೆ ರಾಡಾರಿನಿಂದ ಗುರುತಿಸಿ ಪ್ರಕಟಿಸಿದರು. ಸೂಕ್ಷ್ಮ ಬೇರುಗಳು ಮಾತ್ರ ಅದಕ್ಕೆ ಕಾಣುವುದಿಲ್ಲ. ಮಣ್ಣಿನ ಕಣಗಳನ್ನು ಹೆಣೆದು ಹಿಡಿಯುವುದರಲ್ಲಿ ಆ ಸೂಕ್ಷ್ಮ ಬೇರುಗಳ ಪಾಲು ದೊಡ್ಡದು.

ಆಂಟೆನಾ ಆಯ್ಕೆಯಲ್ಲಿಯೂ ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕು. 100 ಮೆಗಾಹರ್ಟ್ಸಿನ ಅಲೆ ಹೆಚ್ಚು ಆಳಕ್ಕೆ ಇಳಿಯುತ್ತದೆ, ಆದರೆ ಸಾಧಾರಣ ಮಣ್ಣಿನಲ್ಲಿ ಸುಮಾರು ಕಾಲು ಮೀಟರಿಗಿಂತ ತೆಳುವಾದ ಪದರಗಳನ್ನು ಬೇರ್ಪಡಿಸಿ ತೋರಿಸಲಾರದು. 400 ಮೆಗಾಹರ್ಟ್ಸಿನದು ಆರೇಳು ಸೆಂಟಿಮೀಟರಿನ ವಿವರ ಕೊಡುತ್ತದೆ, ಆದರೆ ಬೇಗ ಸೊರಗುತ್ತದೆ. ಪೆಟ್ಟಿಗೆ ನೆಲಕ್ಕೆ ತಾಗಿಕೊಂಡೇ ಸಾಗಬೇಕು. ತರಗೆಲೆಯ ಹಾಸು, ಲಂಟಾನದ ಮಟ್ಟಿ, ಕಡಿದಾದ ಏರು ಇರುವಲ್ಲಿ ಚಿತ್ರ ಕೆಡುತ್ತದೆ. ಸರಿಯಾದ ಹೊದಿಕೆಯಿಲ್ಲದ ಆಂಟೆನಾಕ್ಕೆ ಪಕ್ಕದ ಮರವೂ ವಿದ್ಯುತ್ ತಂತಿಯೂ ನೆಲದೊಳಗಿನ ಪದರದಂತೆ ಕಂಡು ಮೋಸ ಮಾಡಬಲ್ಲವು.

ಶಿರೂರು ಕಲಿಸಿದ್ದು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಅದರಾಚೆಯ ಗಂಗಾವಳಿ ನದಿಯೊಳಗೆ ಮಣ್ಣು ಸುರಿಯಿತು. ಕಾಣೆಯಾದವರ ಹುಡುಕಾಟಕ್ಕೆ ಭೂಭೇದಿ ರಾಡಾರನ್ನೂ ತರಲಾಯಿತು. ನಾಡಿನ ಬಹುಮಂದಿ ಈ ಯಂತ್ರದ ಹೆಸರನ್ನು ಕೇಳಿದ್ದು ಆಗಲೇ. ರಸ್ತೆಯ ಮೇಲಿನ ರಾಶಿಯಲ್ಲಿ ದಿನಗಟ್ಟಲೆ ಶೋಧ ನಡೆಯಿತು. ಹುಡುಕುತ್ತಿದ್ದ ಲಾರಿ ಕಡೆಗೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ನದಿಯ ತಳದಲ್ಲಿ.

ಯಾರ ಶ್ರಮವನ್ನೂ ಇಲ್ಲಿ ಹೀಗಳೆಯಬೇಕಾಗಿಲ್ಲ. ಸುರಿವ ಮಳೆಯಲ್ಲಿ, ಮತ್ತೆ ಕುಸಿಯಬಹುದಾದ ಗುಡ್ಡದ ಕೆಳಗೆ ದುಡಿದವರಿಗೆ ನಮಸ್ಕಾರ ಸಲ್ಲಬೇಕು. ಆದರೆ ಯಂತ್ರದ ಮಟ್ಟಿಗೆ ಆ ಸನ್ನಿವೇಶ ಅತ್ಯಂತ ಪ್ರತಿಕೂಲವಾದುದು. ನೀರು ಕುಡಿದ ಜೇಡಿ, ಕಲ್ಲು ಮರ ಎಲ್ಲ ಕಲಸಿದ ರಾಶಿ, ನಿಲ್ಲದ ಮಳೆ. ಪದರಗಳು ಪದರಗಳಾಗಿ ಉಳಿದಿರುವಾಗ, ನೆಲ ಒಣಗಿರುವಾಗ, ಕುಸಿತಕ್ಕೆ ಮೊದಲೇ ಗುಡ್ಡವನ್ನು ಓದಲು ಬಳಸಬೇಕಾದ ಸಾಧನವನ್ನು ಎಲ್ಲವೂ ಕಲಸಿಹೋದ ಮೇಲೆ ತರುವುದು ಅನಿವಾರ್ಯವಾಯಿತು ಎಂಬುದೇ ದುಃಖದ ಸಂಗತಿ. ಹೆದ್ದಾರಿಗಾಗಿ ಧರೆ ಕಡಿಯುವ ಮುನ್ನವೇ ಮಣ್ಣಿನ ಪದರಗಳ ಪರೀಕ್ಷೆ ನಡೆಯಬೇಕು ಎಂಬ ಬೇಡಿಕೆಗೆ ಶಿರೂರಿಗಿಂತ ಬೇರೆ ವಾದ ಬೇಕಿಲ್ಲ.

ಕಾಣದ್ದು ಇಲ್ಲವೆಂದಲ್ಲ

ರಾಡಾರಿನ ಕುರಿತು ಇರುವ ದೊಡ್ಡ ಅಪಾಯ ಅದರ ಚಿತ್ರವನ್ನು ಅತಿಯಾಗಿ ನಂಬುವುದು. ಪರದೆಯ ಕೆಳಭಾಗದಲ್ಲಿ ಯಾವ ಗೆರೆಯೂ ಇಲ್ಲದಿದ್ದರೆ ಕೆಳಗೆ ಒಂದೇ ಬಗೆಯ ಗಟ್ಟಿ ನೆಲವಿದೆ ಎಂದು ಹೇಳಲು ಮನಸ್ಸು ಹವಣಿಸುತ್ತದೆ. ನಿಜದಲ್ಲಿ ಅಲೆ ಅಲ್ಲಿಯವರೆಗೆ ತಲುಪಿಯೇ ಇರಲಿಕ್ಕಿಲ್ಲ. ನೀರು ತುಂಬಿದ ಶೇಡಿ ಇರುವಲ್ಲಿಯೇ ಅಲೆ ಸೊರಗುತ್ತದೆ. ಅಂದರೆ ಅಪಾಯ ಹೆಚ್ಚಿರುವಲ್ಲಿಯೇ ಚಿತ್ರ ಬರಿದಾಗುತ್ತದೆ. ಕಾಣಲಿಲ್ಲ ಎಂಬುದನ್ನು ಇಲ್ಲ ಎಂದು ಬರೆದುಕೊಟ್ಟ ವರದಿ ಗುಡ್ಡದ ಕೆಳಗಿನ ಮನೆಗಳಿಗೆ ಸುಳ್ಳು ಧೈರ್ಯ ನೀಡುತ್ತದೆ.

ಆದುದರಿಂದ ರಾಡಾರಿನ ಜೊತೆಗೆ ಬೇರೆ ಸಾಧನಗಳೂ ಬೇಕು. ನೆಲಕ್ಕೆ ಸಲಾಕೆ ನೆಟ್ಟು ವಿದ್ಯುತ್ ಹಾಯಿಸಿ ರೋಧಕತೆ ಅಳೆಯುವ ವಿಧಾನ ಒದ್ದೆ ಜೇಡಿಯಲ್ಲಿಯೂ ಕೆಲಸ ಮಾಡುತ್ತದೆ. ರಾಡಾರ್ ಸೋಲುವಲ್ಲಿ ಅದು ನೆರವಾಗುತ್ತದೆ. ಕೊರೆದು ತೆಗೆದ ಮಣ್ಣಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗಲೇ ಅದರ ಬಲ ತಿಳಿಯುತ್ತದೆ. ಇವೆಲ್ಲಕ್ಕೂ ಮೊದಲು ಊರಿನವರ ಕಣ್ಣು. ಕಳೆದ ವರ್ಷ ಇಲ್ಲದ ಒರತೆ ಈ ವರ್ಷ ಎಲ್ಲಿ ಎದ್ದಿತು, ಯಾವ ಬಾವಿಯ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು, ಯಾವ ಮರ ವಾಲಿತು, ಬ್ಯಾಣದಲ್ಲಿ ಎಲ್ಲಿ ಬಿರುಕು ಬಿಟ್ಟಿತು ಎಂಬುದನ್ನು ಯಾವ ಆಂಟೆನಾವೂ ಹೇಳದು.

ಇಲ್ಲಿ ಪರಿಸರಾಸಕ್ತರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ. ಮಳೆನೀರು ಇಂಗಿಸುವುದು ಮಲೆನಾಡಿನ ಹಳ್ಳಿಗಳಲ್ಲಿ ಪ್ರೀತಿಯಿಂದ ನಡೆದುಬಂದಿರುವ ಕೆಲಸ. ಬೋಳು ಗುಡ್ಡದ ಸಾಧಾರಣ ಇಳಿಜಾರಿನಲ್ಲಿ ಅದು ಪುಣ್ಯದ ಕೆಲಸವೇ. ಆದರೆ ಕಡಿದಾದ ಇಳಿಜಾರಿನಲ್ಲಿ, ಸಡಿಲ ಮಣ್ಣಿನ ಕೆಳಗೆ ಶೇಡಿ ಇರುವಲ್ಲಿ, ಕೆಳಗೆ ಮನೆಗಳಿರುವಲ್ಲಿ ಸಾಲುಸಾಲು ಇಂಗುಗುಂಡಿ ತೋಡಿದರೆ ಜಾರುವ ಗಡಿಗೆ ಕೈಯಾರೆ ನೀರು ಉಣಿಸಿದಂತಾಗುತ್ತದೆ. ಅಂಥಲ್ಲಿ ನೀರನ್ನು ಇಂಗಿಸುವುದಕ್ಕಿಂತ ಸುರಕ್ಷಿತವಾಗಿ ಹೊರಹಾಕುವುದೇ ಮೇಲು. ಪದರ ತಿಳಿಯದೆ ಜೆಸಿಬಿಯಿಂದ ಧರೆ ಕಡಿಯುವುದು ತಪ್ಪಾದರೆ, ಪದರ ತಿಳಿಯದೆ ಗುಂಡಿ ತೋಡುವುದೂ ತಪ್ಪೇ. ಸದುದ್ದೇಶಕ್ಕೆ ಮಣ್ಣು ವಿನಾಯಿತಿ ಕೊಡುವುದಿಲ್ಲ.

ಊರಿನವರು ಕೇಳಬೇಕಾದದ್ದು

ಗುಡ್ಡದ ಸಮೀಕ್ಷೆಗೆ ತಂಡವೊಂದು ಬಂದಾಗ ಗ್ರಾಮಸ್ಥರು ದೂರ ನಿಂತು ನೋಡಬೇಕಾಗಿಲ್ಲ. ವಿನಯದಿಂದಲೇ ಐದು ಪ್ರಶ್ನೆಗಳನ್ನು ಕೇಳಬಹುದು. ಅಳತೆ ನಡೆದದ್ದು ಬೇಸಗೆಯಲ್ಲೋ ಮಳೆಗಾಲದಲ್ಲೋ? ಬಳಸಿದ ಆಂಟೆನಾ ಎಷ್ಟು ಮೆಗಾಹರ್ಟ್ಸಿನದು? ಅಲೆಯ ವೇಗವನ್ನು ಊಹಿಸಿದ್ದೋ, ಗುಂಡಿ ತೆಗೆದು ತಾಳೆ ನೋಡಿದ್ದೋ? ಎಷ್ಟು ಆಳದಲ್ಲಿ ಅಲೆ ಸೊರಗಿತು? ಬೇರೆ ಯಾವ ವಿಧಾನದಿಂದ ಫಲಿತಾಂಶವನ್ನು ಒರೆಗೆ ಹಚ್ಚಲಾಯಿತು? ಈ ಐದಕ್ಕೂ ಉತ್ತರವಿರುವ ವರದಿ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಬೇಕೆಂದು ಕೇಳುವುದು ಅಲ್ಲಿ ವಾಸಿಸುವವರ ಹಕ್ಕು.

ವಿದ್ಯಾರ್ಥಿಗಳಿಗೆ ರಾಡಾರ್ ಸಿಗಲಿಕ್ಕಿಲ್ಲ. ಆದರೆ ಒಂದು ನೋಟುಪುಸ್ತಕ, ಅಳತೆಯ ಟೇಪು ಸಿಗುತ್ತವೆ. ಊರಿನ ಪ್ರತಿಯೊಂದು ತೆರೆದ ಬಾವಿ, ಹೊಸದಾಗಿ ಕಡಿದ ಧರೆ, ಮನೆಯ ಅಡಿಪಾಯಕ್ಕೆ ತೆಗೆದ ಗುಂಡಿ ಇವುಗಳಲ್ಲಿ ಕಪ್ಪು ಮಣ್ಣು ಎಷ್ಟು ಅಡಿ, ಕೆಂಪು ಮಣ್ಣು ಎಷ್ಟು, ಜಂಬಿಟ್ಟಿಗೆ ಎಲ್ಲಿಂದ, ಶೇಡಿ ಎಲ್ಲಿಂದ ಎಂದು ಬರೆದಿಡಬೇಕು. ಧರೆಯನ್ನು ಅಳೆಯುವುದು ಬೇಸಗೆಯಲ್ಲಿ, ಹಿರಿಯರ ಜೊತೆಯಲ್ಲಿ, ದೂರ ನಿಂತು. ಮಳೆಗಾಲದಲ್ಲಿ ಅದರ ಬುಡಕ್ಕೆ ಹೋಗಲೇಬಾರದು. ಬಾವಿ ತೋಡಿದ ಹಿರಿಯರನ್ನು ಕೇಳಿ ಹಳೆಯ ಬಾವಿಗಳ ವಿವರವನ್ನೂ ಸೇರಿಸಬೇಕು. ಅವರು ತೀರಿಕೊಂಡರೆ ಆ ವಿವರವೂ ಅವರೊಂದಿಗೆ ಹೋಗುತ್ತದೆ. ಇಂಥ ಇಪ್ಪತ್ತು ಮೂವತ್ತು ದಾಖಲೆಗಳನ್ನು ಊರಿನ ನಕಾಶೆಯಲ್ಲಿ ಗುರುತಿಸಿದರೆ, ಮುಂದೆ ರಾಡಾರ್ ತರುವ ತಜ್ಞರಿಗೆ ತಾಳೆ ನೋಡಲು ಬೇಕಾದ ಆಧಾರ ಸಿದ್ಧವಾಗಿರುತ್ತದೆ. ಯಂತ್ರ ಎಂದೂ ಬಾರದೇ ಹೋದರೂ, ಮುಂದಿನ ಮನೆಯನ್ನು ಎಲ್ಲಿ ಕಟ್ಟಬಾರದು ಎಂಬುದು ಆ ನಕಾಶೆಯಿಂದಲೇ ಊರಿಗೆ ತಿಳಿಯುತ್ತದೆ.

ಮಳೆಗಾಲಕ್ಕೆ ಮುನ್ನ ಒಂದು ಬಾವಿಯಿಂದಾದರೂ ಈ ಕೆಲಸ ಆರಂಭವಾಗಲಿ.